ಆಚೆ ಲೋಕದ ದಾರಿಯಲ್ಲಿ ವೈರಿ ಸಿಕ್ಕರೆ: ದ್ವಂದ್ವಕ್ಕೆ ಯಾವ ಪದ್ಧತಿ ಆರಿಸಬೇಕು?

ರೋಲ್‌ಪ್ಲೇಯಿಂಗ್ ಆಟದಲ್ಲಿ, ಅಂದರೆ ಒಬ್ಬರು ಕಥೆ ನಡೆಸಿ ಉಳಿದವರು ಒಂದೊಂದು ಪಾತ್ರ ಹಿಡಿದು ದಾಳ ಹಾಕಿ ಆಡುವ ಮೇಜಿನಾಟದಲ್ಲಿ, ಪುರಾಣಲೋಕದ ಯಾತ್ರೆಯ ನಡುವೆ ಎದುರಾಳಿ ಬಂದು ನಿಂತ ಕೂಡಲೇ ಹೆಚ್ಚಿನ ಮೇಜುಗಳಲ್ಲಿ ಕೈ ಹೋಗುವುದು ಹಿಟ್ ಪಾಯಿಂಟ್ (ಪಾತ್ರ ಎಷ್ಟು ಏಟು ತಾಳಬಲ್ಲದು ಎಂಬ ಅಂಕಿ) ಬರೆದಿಟ್ಟ ಹಾಳೆಗೆ. ಎಡವಟ್ಟು ಶುರುವಾಗುವುದೇ ಅಲ್ಲಿಂದ. ಸಂತೆ ದಾರಿಯಲ್ಲಿ ಅಡ್ಡಗಟ್ಟಿದ ಕಳ್ಳನ ಜೊತೆ ಹೊಡೆದಾಡುವುದು ಬೇರೆ, ದೇವತೆಗಳು ಒಮ್ಮೆ ನಡೆದ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತ ಅದೇ ದಾರಿ ಹಿಡಿದ ವೈರಿಯ ಕಣ್ಣಲ್ಲಿ ಕಣ್ಣಿಡುವುದು ಬೇರೆ. ಎರಡಕ್ಕೂ ಒಂದೇ ನಿಯಮ ಹಾಕಿದರೆ ಎರಡೂ ಒಂದೇ ಥರ ಮುಗಿಯುತ್ತವೆ: ಮುಕ್ಕಾಲು ಗಂಟೆ ಕೂಡು-ಕಳೆ ಲೆಕ್ಕ, ಕೊನೆಗೊಂದು ಹೆಣ.

ಈ ಬಗೆಯ ಯಾತ್ರೆ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಗ್ಲೊರಾಂಥಾ ಎಂಬ ಕಲ್ಪಿತ ಜಗತ್ತಿನ ಮೂಲಕ. 1978ರ ರೂನ್‌ಕ್ವೆಸ್ಟ್ ಆಟದ ನೆಲೆ ಅದು. ಅಲ್ಲಿ ಪಾತ್ರಧಾರಿ ಒಂದು ದೈವದ ವೇಷ ತೊಟ್ಟು ಹಳೆಯ ಕಥೆಯೊಳಕ್ಕೆ ಹೋಗುತ್ತಾನೆ, ಕಥೆಯ ಒಂದೊಂದು ಘಟ್ಟವನ್ನೂ ಮತ್ತೆ ನಡೆಯುತ್ತಾನೆ. ಕಥೆಯಲ್ಲಿ ದೈವಕ್ಕೆ ಒಬ್ಬ ಶತ್ರು ಇದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಬದುಕಿರುವ ಯಾರೋ ಒಬ್ಬ ವೈರಿ ಅದರೊಳಗೆ ಎಳೆದು ತುಂಬಲ್ಪಡುತ್ತಾನೆ. ಇದನ್ನು ಇಲ್ಲಿ ವೀರಯಾತ್ರೆ ಎನ್ನೋಣ. ಕೆಳಗಿನ ಆರು ಪದ್ಧತಿಗಳನ್ನು ಯಾವ ಆಟದ ಮೇಲೂ ಕೂರಿಸಬಹುದು. ಆರಿಸುವಾಗ ನೋಡಬೇಕಾದ್ದು ಪಾತ್ರಗಳ ಕೈಯಲ್ಲಿ ಕತ್ತಿಯಿದೆಯೋ ಗದೆಯೋ ಎಂಬುದನ್ನಲ್ಲ, ಸೋತವರು ಏನು ಬಿಟ್ಟುಹೋಗಬೇಕು ಎಂಬುದನ್ನು.

ದಾಳಕ್ಕಿಂತ ಮೊದಲು ಚೀಟಿ

ಅಂಗೈ ಅಗಲದ ಚೀಟಿಯಲ್ಲಿ ಮೂರು ಸಾಲು ಬರೆಯಿರಿ. ಗೆದ್ದವರಿಗೆ ಏನು ಸಿಗುತ್ತದೆ? ಸೋತವರು ಏನು ಕಳೆದುಕೊಳ್ಳುತ್ತಾರೆ? ಯಾವುದನ್ನು ಕೇಳುವಂತಿಲ್ಲ? ಆಟ ನಡೆಸುವವರು ಒಂದು ಸಾಲು, ಆಟಗಾರ ಒಂದು ಸಾಲು ಬರೆದು, ಮೂರನೆಯದನ್ನು ಇಬ್ಬರೂ ಸೇರಿ ಬರೆದರೆ ಚೆನ್ನ. ಐದು ನಿಮಿಷದ ಕೆಲಸ. ಇದಿಲ್ಲದೆ ಆಡಿದ ದ್ವಂದ್ವದಲ್ಲಿ ಗೆದ್ದ ಮೇಲೆ ಜಗಳ ಖಂಡಿತ: ‘ಅವನ ಕತ್ತಿ ನನಗೆ ಸಿಗಬೇಕಲ್ಲ?’ ‘ಅವನ ಕತ್ತಿ ಈ ಲೋಕದಲ್ಲಿ ಇಲ್ಲವೇ ಇಲ್ಲ!’

ಪಣವಾಗಿ ವಸ್ತುವನ್ನು ಇಡುವುದು ಎಲ್ಲಕ್ಕಿಂತ ಸಪ್ಪೆ. ಒಂದು ಹೆಸರು, ಒಂದು ಮಂತ್ರ, ಒಂದು ಮಳೆಗಾಲದಷ್ಟು ಆಯುಷ್ಯ, ಈ ದಾರಿಯಲ್ಲಿ ಮತ್ತೆ ಕಾಲಿಡುವ ಹಕ್ಕು, ತಾಯಿಯ ಮುಖದ ನೆನಪು, ಇಂಥವು ಮುಂದಿನ ಹತ್ತು ಆಟಗಳಿಗೆ ಕಥೆ ಕೊಡುತ್ತವೆ. ಪ್ರಾಣವನ್ನು ಪಣವಿಡುವುದು ಕೊನೆಯ ಆಯ್ಕೆ. ವೈರಿ ಸತ್ತರೆ ಮುಂದಿನ ವರ್ಷದ ಯಾತ್ರೆಗೆ ಆ ಜಾಗದಲ್ಲಿ ಮತ್ತೊಬ್ಬನನ್ನು ಹುಡುಕಬೇಕು, ಹೊಸಬನ ಮೇಲೆ ಯಾರಿಗೂ ಅಷ್ಟು ಸಿಟ್ಟಿರುವುದಿಲ್ಲ.

ಸೋತವರಿಗೂ ಏನಾದರೂ ದಕ್ಕುವ ದ್ವಂದ್ವಗಳಿವೆ, ಅದನ್ನೂ ಚೀಟಿಯಲ್ಲಿ ಕಾಣಿಸಿ. ಇಂದ್ರಕೀಲದಲ್ಲಿ ಹಂದಿಗಾಗಿ ಕಿರಾತನ ಜೊತೆ ಹೋರಾಡಿದ ಅರ್ಜುನ ಸೋತ. ಪಾಶುಪತಾಸ್ತ್ರ ಸಿಕ್ಕಿದ್ದೂ ಆ ಸೋಲಿನಿಂದಲೇ. ಆಟದಲ್ಲಿ ಇಂಥ ಘಟ್ಟ ಇಟ್ಟು ಆಟಗಾರನಿಗೆ ಸೂಚನೆಯನ್ನೇ ಕೊಡದಿದ್ದರೆ, ಅವನು ಇದ್ದಬದ್ದ ಮಂತ್ರವನ್ನೆಲ್ಲ ಖರ್ಚು ಮಾಡಿ ಕಿರಾತನನ್ನು ಸೋಲಿಸಿ ಬರಿಗೈಯಲ್ಲಿ ನಿಲ್ಲುತ್ತಾನೆ.

ಇನ್ನೊಂದು ಪ್ರಶ್ನೆಗೂ ಮೊದಲೇ ಉತ್ತರ ಬೇಕು. ಮೂಲ ಕಥೆಯಲ್ಲಿ ಈ ದ್ವಂದ್ವದ ಕೊನೆ ಗೊತ್ತಾಗಿದೆಯೇ? ಗೊತ್ತಿದ್ದರೆ ಯಾರು ಗೆದ್ದರು ಎಂಬುದಕ್ಕೆ ದಾಳ ಹಾಕಬೇಡಿ, ಗೆಲುವಿಗೆ ತೆತ್ತ ಬೆಲೆ ಎಷ್ಟು ಎಂಬುದಕ್ಕೆ ಹಾಕಿ. ಕಥೆಯ ಹೆಜ್ಜೆ ತಪ್ಪಿಸಿ ಗೆಲ್ಲಲು ಬಿಡುವುದಾದರೆ ಅದಕ್ಕೂ ಬೆಲೆ ಇರಲಿ. ಭೀಮ ತೊಡೆಗೆ ಹೊಡೆದು ಗೆದ್ದ, ಗದಾಯುದ್ಧದ ನಿಯಮ ಮುರಿಯಿತು, ಬಲರಾಮ ಕೆರಳಿದ. ನಿಯಮ ಮುರಿದ ಪಾತ್ರದ ಹಾಳೆಯಲ್ಲಿ ‘ಕಳಂಕ’ ಎಂದು ಒಂದು ಗೀಟು ಹಾಕಿ. ಆ ಯಾತ್ರೆ ಮುಗಿಯುವ ತನಕ ಪ್ರತಿ ಗೀಟಿಗೆ, 20 ಮುಖದ ದಾಳ ಹಾಕುವಾಗ, ಪಾತ್ರದ ಸ್ಕಿಲ್ ಅಂಕಿಯಲ್ಲಿ (ಅದರ ನೈಪುಣ್ಯಕ್ಕೆ ಕೊಟ್ಟ ಸಂಖ್ಯೆ) 1 ಕಡಿತ.

ಉದ್ದವಾದಷ್ಟೂ ಬಲಶಾಲಿಗೆ ಲಾಭ

ಪದ್ಧತಿ ಆರಿಸುವಾಗ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಲೆಕ್ಕವಿದೆ. 1985ರ ಪೆಂಡ್ರಾಗನ್ ಆಟದ ಎದುರುಬದುರು ಉರುಳನ್ನೇ (ಉರುಳು ಎಂದರೆ ಒಂದು ಸಲ ದಾಳ ಹಾಕುವುದು) ಉದಾಹರಣೆಗೆ ತೆಗೆದುಕೊಳ್ಳಿ. ಇಬ್ಬರೂ 20 ಮುಖದ ದಾಳ ಹಾಕುತ್ತಾರೆ. ತಮ್ಮ ಸ್ಕಿಲ್ ಅಂಕಿಯಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಯಶಸ್ಸು. ಇಬ್ಬರೂ ಯಶಸ್ವಿಯಾದರೆ ಹೆಚ್ಚು ಬಿದ್ದವರು ಗೆದ್ದರು. ಸ್ಕಿಲ್ ಅಂಕಿಯೇ ಸರಿಯಾಗಿ ಬಿದ್ದರೆ ಅದು ಕ್ರಿಟಿಕಲ್, ಎಲ್ಲಕ್ಕಿಂತ ಮೇಲು.

ನಾಯಕಿ ನೀಲಿಯ ಸ್ಕಿಲ್ 15, ವೈರಿ ಕೆಂಡನದು 12 ಎಂದಿಟ್ಟುಕೊಳ್ಳಿ. 400 ಸಾಧ್ಯತೆಗಳಲ್ಲಿ ನೀಲಿ ಗೆಲ್ಲುವುದು 219, ಕೆಂಡ ಗೆಲ್ಲುವುದು 129, ಸರಿಸಮ 52. ಸರಿಸಮ ಬಿದ್ದಾಗ ಮತ್ತೆ ಹಾಕಿದರೆ ಕೆಂಡನ ಅವಕಾಶ ಶೇ 37. ಮೂರರಲ್ಲಿ ಎರಡು ಗೆಲ್ಲಬೇಕು ಎಂದರೆ ಅದು ಶೇ 31ಕ್ಕೆ ಇಳಿಯುತ್ತದೆ. ಒಂಬತ್ತರಲ್ಲಿ ಐದು ಎಂದರೆ ಶೇ 21. ಸ್ಕಿಲ್ ಬದಲಾಗಿಲ್ಲ, ಸುತ್ತು ಹೆಚ್ಚಾಯಿತು ಅಷ್ಟೇ.

ಅಂದರೆ ಬಡಪಾಯಿ ಆಟಗಾರ ಬಲಾಢ್ಯ ವೈರಿಯನ್ನು ಎದುರಿಸುವಾಗ ‘ಮಹತ್ವದ ಘಟ್ಟ, ಉದ್ದಕ್ಕೆ ಆಡೋಣ’ ಎಂದರೆ ಅವನ ಕುತ್ತಿಗೆಗೇ ತಂದಂತೆ. ಅಂಥಲ್ಲಿ ಚಿಕ್ಕ ಪದ್ಧತಿ ಕರುಣೆಯದು. ಆಟಗಾರ ಬಲಿಷ್ಠನಿದ್ದು ವೈರಿ ಹುಲುಮಾನವನಾಗಿದ್ದರೆ, ಒಂದೇ ಉರುಳಿನಲ್ಲಿ ಮುಗಿಸಿದಾಗ ಮೂರಕ್ಕೊಂದು ಸಲ ಹತ್ತಿರ ವರ್ಷಗಟ್ಟಲೆ ಬೆಳೆಸಿದ ವೀರ ಯಃಕಶ್ಚಿತ್ ಒಬ್ಬನ ಮುಂದೆ ಮಣ್ಣು ಮುಕ್ಕುತ್ತಾನೆ.

ಒಂದೇ ಉರುಳು

ಎರಡು ನಿಮಿಷದಲ್ಲಿ ಮುಗಿಯುತ್ತದೆ. ಯಾತ್ರೆಯ ಹೊಸ್ತಿಲಲ್ಲಿ ನಡೆಯುವ ಕಾಲ್ಕೆರೆತಕ್ಕೆ, ಕಾವಲುಗಾರನನ್ನು ದಾಟುವುದಕ್ಕೆ ಇಷ್ಟು ಸಾಕು. ದಾಳ ಹಾಕುವ ಮೊದಲು ಆಟಗಾರ ತನ್ನ ದೈವ ಈ ಘಟ್ಟದಲ್ಲಿ ಏನು ಮಾಡಿತು ಎಂದು ಒಂದು ವಾಕ್ಯ ಹೇಳಲಿ. ಕಥೆಗೆ ಹೊಂದುವ ಪ್ರತಿ ವಿವರಕ್ಕೆ ಅವನ ಸ್ಕಿಲ್‌ಗೆ 1 ಸೇರಿಸಿ, 3ರ ಮಿತಿ ಇರಲಿ. ಮಿತಿ ಇಲ್ಲದಿದ್ದರೆ ಪುರಾಣ ಬಾಯಿಪಾಠ ಮಾಡಿಬಂದವರೇ ಎಲ್ಲವನ್ನೂ ಗೆಲ್ಲುತ್ತಾರೆ. ಈ ಪದ್ಧತಿಯನ್ನು ಮುಖ್ಯ ವೈರಿಗೆ ಬಳಸಲೇಬೇಡಿ. ಮೂರು ತಿಂಗಳು ಹಗೆ ಕಾಯಿಸಿ ಎರಡು ನಿಮಿಷದಲ್ಲಿ ತೀರಿಸಿದರೆ ಮೇಜಿನ ಸುತ್ತ ಬೀಳುವ ಮೌನ ಮೆಚ್ಚುಗೆಯದಲ್ಲ.

ಐದು ಬೀಜದ ಲೆಕ್ಕ

ಮೊದಲ ಸಲ ವೀರಯಾತ್ರೆ ನಡೆಸುವವರು ಇದನ್ನೇ ಹಿಡಿಯಲಿ. 2009ರ ಹೀರೋಕ್ವೆಸ್ಟ್ ಆಟದ ಎರಡನೇ ಆವೃತ್ತಿಯ ದೀರ್ಘ ಸ್ಪರ್ಧೆಯಲ್ಲಿ ಎದುರಾಳಿ ನಿಮ್ಮ ಮೇಲೆ 5 ಅಂಕ ಕೂಡಿಸಿದರೆ ನೀವು ಸೋತಂತೆ. ಗೆಲುವಿನ ಮಟ್ಟ ನೋಡಿ ಒಂದು ಸುತ್ತಿಗೆ 1, 2, 3 ಅಥವಾ ಒಮ್ಮೆಗೇ 5 ಅಂಕ. ಗಾಯ, ಮಾತು, ಓಟ, ಮಂತ್ರ ಎಲ್ಲಕ್ಕೂ ಅದೇ ಅಂಕ. ಆ ತಿರುಳನ್ನು ಉಳಿಸಿಕೊಂಡು ನಿಯಮವನ್ನು ಇನ್ನಷ್ಟು ಸರಳ ಮಾಡಬಹುದು.

ಅಂಕ ಬರೆಯುವ ಬದಲು ಕಾಫಿ ಬೀಜ ಇಡಿ. ಕೊಡಗಿನ ಮನೆಗಳಲ್ಲಿ ಅದಕ್ಕೇನು ಬರ? ಒಬ್ಬರಿಗೆ 5 ಪಾರ್ಚ್‌ಮೆಂಟ್, ಇನ್ನೊಬ್ಬರಿಗೆ 5 ಚೆರಿ. ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಮಾಸಲು ಹಳದಿ, ಸಿಪ್ಪೆ ಸಮೇತ ಒಣಗಿದ ಚೆರಿ ಕಪ್ಪುಗಂದು. ಕರೆಂಟು ಹೋಗಿ ಮೇಣದ ಬತ್ತಿ ಹಚ್ಚಿದರೂ ಯಾರದ್ದು ಎಷ್ಟು ಉಳಿದಿದೆ ಎಂದು ಮೇಜಿನ ಆ ತುದಿಯಿಂದಲೂ ಕಾಣುತ್ತದೆ. ಕರಿಮೆಣಸು ಬೇಡ, ಉರುಳಿ ಹಲಗೆಯ ಸಂದಿಗೆ ಹೋಗುತ್ತದೆ. ಬೀಜವನ್ನು ತಟ್ಟೆಯಲ್ಲಿಡಿ. ದಾಳವನ್ನು ಸಣ್ಣ ಮೊರದಲ್ಲಿ ಹಾಕಿದರೆ ನೆಲಕ್ಕೆ ಹಾರುವುದಿಲ್ಲ.

ಇಬ್ಬರೂ ಯಶಸ್ವಿಯಾಗಿ ಒಬ್ಬರು ಮೇಲಾದರೆ ಸೋತವರು 1 ಬೀಜ ಕೊಡಬೇಕು. ಒಬ್ಬರು ಯಶಸ್ವಿ, ಇನ್ನೊಬ್ಬರು ವಿಫಲ ಎಂದಾದರೆ 2. ಕ್ರಿಟಿಕಲ್‌ಗೆ 3. ತಟ್ಟೆ ಖಾಲಿಯಾದವರು ಸೋತರು. ನೀಲಿ-ಕೆಂಡರ ಆಟವನ್ನೇ ನೋಡಿ. ಮೊದಲ ಸುತ್ತಿನಲ್ಲಿ ನೀಲಿಗೆ 9, ಕೆಂಡನಿಗೆ 11. ಇಬ್ಬರೂ ಯಶಸ್ವಿ, ಕೆಂಡ ಮೇಲು, ನೀಲಿಯ ತಟ್ಟೆಯಲ್ಲಿ 4. ಎರಡನೆಯದರಲ್ಲಿ ನೀಲಿಗೆ 13, ಕೆಂಡನಿಗೆ 17. ಕೆಂಡ ವಿಫಲ, ಅವನಲ್ಲಿ 3 ಉಳಿಯಿತು. ಮೂರನೆಯದರಲ್ಲಿ ನೀಲಿಗೆ 18, ಕೆಂಡನಿಗೆ ಸರಿಯಾಗಿ 12. ಕ್ರಿಟಿಕಲ್, ನೀಲಿಯಲ್ಲಿ 1 ಮಾತ್ರ.

ಇಲ್ಲಿ ಆಟ ನಿಲ್ಲಿಸಿ. ಯಾರ ತಟ್ಟೆಯಲ್ಲಾದರೂ ಒಂದೇ ಬೀಜ ಉಳಿದಾಗ ಎದುರಾಳಿ ಒಂದು ಮಾತು ಮುಂದಿಡಬೇಕು ಎಂಬುದು ಕಡ್ಡಾಯ ನಿಯಮವಾಗಲಿ. ‘ನಿನ್ನ ಹೆಸರು ಬೇಡ, ಈ ದಾರಿ ಬಿಟ್ಟು ಹೊರಡು’ ಎನ್ನುತ್ತಾನೆ ಕೆಂಡ. ಚೀಟಿಯ ಪಣಕ್ಕಿಂತ ಅದು ಕಡಿಮೆಯದೇ ಆಗಿರಬೇಕು. ನೀಲಿ ಒಪ್ಪಿದರೆ ಅಲ್ಲಿಗೆ ಮುಗಿಯಿತು. ಒಪ್ಪಲಿಲ್ಲ ಎನ್ನೋಣ. ನಾಲ್ಕನೇ ಸುತ್ತಿನಲ್ಲಿ ನೀಲಿಗೆ 15, ಕೆಂಡನಿಗೆ 8. ಕ್ರಿಟಿಕಲ್, ಕೆಂಡನ ಮೂರೂ ಬೀಜ ಹೋದವು. ನೀಲಿ ಗೆದ್ದಳು, ಆದರೆ ತಾನೂ 4 ಕಳೆದುಕೊಂಡಿದ್ದಾಳೆ. ಕಳೆದ ಪ್ರತಿ 2 ಬೀಜಕ್ಕೆ ಒಂದು ಗುರುತು ಅವಳ ಜೊತೆ ಮನೆಗೆ ಬರುತ್ತದೆ: ಬಿಳಿಯಾದ ಒಂದು ಜಡೆ, ಬಿಸಿ ತಿಳಿಯದ ಬೆರಳು.

ಸಾಮಾನ್ಯವಾಗಿ 4ರಿಂದ 7 ಸುತ್ತು ಹಿಡಿಯುತ್ತದೆ, 20 ನಿಮಿಷ ಸಾಕು. ದೊಡ್ಡ ದೋಷವೆಂದರೆ ‘ನಾನು ಹೊಡೆದೆ, ನೀನು ಹೊಡೆದೆ’ ಎಂಬ ಜಪ. ಪ್ರತಿ ಸುತ್ತಿನಲ್ಲೂ ಬೇರೆ ಸ್ಕಿಲ್ ಬಳಸಬೇಕು, ಒಮ್ಮೆ ಬಳಸಿದ್ದು ಒಂದು ಸುತ್ತು ಬಿಟ್ಟೇ ಮತ್ತೆ ಬರಬೇಕು ಎಂದು ಕಟ್ಟು ಹಾಕಿದರೆ ಜಪ ನಿಲ್ಲುತ್ತದೆ. ಸುಮ್ಮನೆ ಕೂತ ಉಳಿದ ಆಟಗಾರರಿಗೂ ತಲಾ ಒಂದು ಬೀಜ ಕೊಡಿ. ಇಡೀ ದ್ವಂದ್ವದಲ್ಲಿ ಒಮ್ಮೆ ಮಾತ್ರ, ತಮ್ಮ ಪಾತ್ರ ದುಡಿ ಬಾರಿಸಿತೋ ಹೆಸರು ಕೂಗಿತೋ ಹೇಳಿ, ಆ ಬೀಜ ಖರ್ಚು ಮಾಡಿ ಒಂದು ಉರುಳನ್ನು ಮತ್ತೆ ಹಾಕಿಸಬಹುದು.

ಮೂರು ಯುದ್ಧ

ಕನ್ನಡದವರಿಗೆ ಇದಕ್ಕೆ ಹೊರಗಿನ ಮಾದರಿ ಬೇಡ. ಪಂಪನ ಆದಿಪುರಾಣದಲ್ಲಿ ಭರತ-ಬಾಹುಬಲಿ ಸೇನೆಗಳನ್ನು ದೂರ ನಿಲ್ಲಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ಮೂರು ಬಗೆಯಲ್ಲಿ ಸೆಣಸುತ್ತಾರೆ. ಆಟಕ್ಕೆ ಹೇಳಿ ಮಾಡಿಸಿದ ಚೌಕಟ್ಟು. ಮೂರು ಭಾಗಕ್ಕೆ ಮೂರು ಬೇರೆ ಸ್ಕಿಲ್, ಒಂದೊಂದಕ್ಕೆ ಒಂದೇ ಉರುಳು. ಮೊದಲ ಭಾಗವನ್ನು ವೈರಿ ಆರಿಸಲಿ, ಎರಡನೆಯದನ್ನು ಕಥೆ ಗೊತ್ತುಮಾಡಲಿ, ಮೂರನೆಯದು ಆಟಗಾರನ ಕೈಯಲ್ಲಿರಲಿ. ಹೀಗಾದರೆ ಮೂರಕ್ಕೆ ಮೂರೂ ಒಬ್ಬರ ಬಲಕ್ಕೆ ಒಲಿಯುವುದಿಲ್ಲ.

ಎರಡು ಜಾಗದಲ್ಲಿ ಎಚ್ಚರ ಬೇಕು. ಒಂದೇ ಗುಣ ಎರಡು ಭಾಗಕ್ಕೆ ಉಪಯೋಗವಾಗದಂತೆ ನೋಡಿ. ಆ ಮೂಲ ಕಥೆಯಲ್ಲೇ ಬಾಹುಬಲಿಯ ಎತ್ತರ ನೋಟಕ್ಕೂ ನೆರವಾಯಿತು, ನೀರೆರಚುವುದಕ್ಕೂ ನೆರವಾಯಿತು. ಕಾವ್ಯದಲ್ಲಿ ಸೊಗಸು, ಮೇಜಿನ ಮೇಲೆ ಅನ್ಯಾಯ. ಇನ್ನು, ಮೊದಲ ಎರಡನ್ನೂ ಒಬ್ಬರೇ ಗೆದ್ದರೆ ಮೂರನೆಯದು ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಆದರೂ ಆಡಿ. ಆಗ ಮೂರನೆಯ ಉರುಳಿಗೆ ಬೇರೆ ಕೆಲಸ ಕೊಡಿ: ಗೆದ್ದವರು ಗೆಲುವನ್ನು ಏನು ಮಾಡುತ್ತಾರೆ? ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿ ನೆಲಕ್ಕೆ ಅಪ್ಪಳಿಸಲಿಲ್ಲ, ಗೆದ್ದ ರಾಜ್ಯವನ್ನೂ ಇಟ್ಟುಕೊಳ್ಳಲಿಲ್ಲ. ಮೂರನೆಯದರಲ್ಲಿ ಗೆದ್ದರೆ ಪಣ ತೆಗೆದುಕೊಳ್ಳುವುದೋ ಬಿಡುವುದೋ ಆಟಗಾರನ ಇಷ್ಟ. ಬಿಟ್ಟರೆ ಪಣಕ್ಕಿಂತ ದೊಡ್ಡದೊಂದು ವರ ಸಿಗಲಿ. ಸೋತರೆ ಕೈ ತಡೆಯಲಾರದೆ ಏಟು ಬಿದ್ದೇ ಬೀಳುತ್ತದೆ, ಕಳಂಕವೂ ಅಂಟುತ್ತದೆ.

ಒಡಹುಟ್ಟಿದವರು, ಹಳೆಯ ಗೆಳೆಯರು, ಒಂದೇ ಗುರುವಿನ ಶಿಷ್ಯರು ಎದುರಾದಾಗ ಇದನ್ನು ಮೀರಿಸುವ ಪದ್ಧತಿ ಇಲ್ಲ. ಸಮಯ ಕಾಲು ಗಂಟೆ.

ಏಟಿಗೆ ಏಟು

ಆಟದ ಮಾಮೂಲಿ ಯುದ್ಧನಿಯಮವನ್ನೇ ಇಡಿಯಾಗಿ ಬಳಸುವುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮದಂತೆ ಐದನೇ ಮಟ್ಟದ ಇಬ್ಬರು ಫೈಟರ್‌ಗಳು ಸೆಣಸಲಿ. ತಲಾ 44 ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ (ಏಟು ತಗಲಲು 20 ಮುಖದ ದಾಳ, ದಾಳಿಯ ಅಂಕ ಸೇರಿ ಮುಟ್ಟಬೇಕಾದ ಸಂಖ್ಯೆ) 17, ದಾಳಿಗೆ +7, ಒಂದು ಸರದಿಗೆ ಎರಡು ಏಟು, ಪ್ರತಿ ಏಟಿಗೆ 8 ಮುಖದ ದಾಳ ಕೂಡಿಸು 4. ತಗಲುವ ಸಾಧ್ಯತೆ ಶೇ 55. ಕ್ರಿಟಿಕಲ್ ಸೇರಿಸಿದರೆ ಒಂದು ಏಟಿನ ಸರಾಸರಿ 4.9, ಒಂದು ರೌಂಡಿಗೆ 9.8. ಅಂದರೆ ಒಬ್ಬರು ಬೀಳಲು ಐದು ರೌಂಡ್ ಹತ್ತಿರ ಬೇಕು. ಸುಮಾರು 20 ದಾಳಿ ಉರುಳು, ಅದರಲ್ಲಿ 9 ಗಾಳಿಗೆ. ಪಾತ್ರಗಳಿಗೆ ಕಳೆದದ್ದು 30 ಸೆಕೆಂಡು, ಪಕ್ಕದಲ್ಲಿ ಕೂತ ಮೂವರಿಗೆ ಕಳೆದದ್ದು ಅರ್ಧ ಗಂಟೆಗೂ ಹೆಚ್ಚು.

ರೂನ್‌ಕ್ವೆಸ್ಟ್ ಥರದ ಆಟಗಳಲ್ಲಿ ಏಟು ಬೀಳುವ ಅಂಗಕ್ಕೂ ದಾಳವಿದೆ, ಅಲ್ಲಿ ಒಂದೇ ಏಟಿನಲ್ಲಿ ಮುಗಿದುಹೋಗುವ ಭಯ ನಿಜವಾದದ್ದು. ಪ್ರಾಣವೇ ಪಣವಾದಾಗ, ಕಾಯುತ್ತ ಕೂರಲು ಬೇರೆ ಆಟಗಾರರಿಲ್ಲದಾಗ ಆ ಭಯಕ್ಕೆ ಬೆಲೆಯಿದೆ. ಉಳಿದೆಡೆ ಇದನ್ನು ಬಿಡಿ ಎಂದೇ ಹೇಳಬೇಕಾಗುತ್ತದೆ.

ಬಿಡಲಾಗದಿದ್ದರೆ ಗುರಿಯನ್ನು ಕಿರಿದು ಮಾಡಿ. ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಕೊಡಗಿನ ಊರಬಯಲುಗಳಾದ ಮಂದ್‌ಗಳಲ್ಲಿ ನಡೆಯುವ ಪರೆಯಕಳಿಯಲ್ಲಿ ಇಬ್ಬರು ಬೆತ್ತ, ಗುರಾಣಿ ಹಿಡಿದು ಎದುರಾಗುತ್ತಾರೆ. ಏಟು ಮೊಣಕಾಲಿನ ಕೆಳಗೇ ಬೀಳಬೇಕು. ರೋಷಕ್ಕೇನೂ ಕಮ್ಮಿಯಿಲ್ಲ, ಹೆಣ ಮಾತ್ರ ಬೀಳುವುದಿಲ್ಲ. ಅದೇ ಕಟ್ಟನ್ನು ಆಟಕ್ಕೆ ತನ್ನಿ: ಕಾಲಿಗೆ ಮೂರು ಏಟು ಮೊದಲು ಹಾಕಿದವರು ಗೆದ್ದರು, ಹಿಟ್ ಪಾಯಿಂಟ್ ಲೆಕ್ಕವೇ ಇಲ್ಲ. ಇಲ್ಲಿ ಅಂಗದ ದಾಳ ಹಾಕಬೇಡಿ. ರೂನ್‌ಕ್ವೆಸ್ಟ್ ಪಟ್ಟಿಯಲ್ಲಿ 20ರಲ್ಲಿ 1ರಿಂದ 8 ಮಾತ್ರ ಕಾಲು. ಕುರುಡಾಗಿ ಹಾಕಿದರೆ ಐದರಲ್ಲಿ ಮೂರು ಏಟು ಸೊಂಟದ ಮೇಲೆ ಬಿದ್ದು ದ್ವಂದ್ವಪೂರ್ತಿ ಫೌಲ್ ಆಗುತ್ತದೆ. ಕ್ರಿಟಿಕಲ್ ಬಿದ್ದಾಗ ಮಾತ್ರ ಮೇಲೆ ಹೊಡೆಯುವ ಆಸೆ ತೋರಿಸಿ. ಹೊಡೆದರೆ ಅಲ್ಲಿಗೇ ಗೆಲುವು, ಜೊತೆಗೆ ಕಳಂಕ. ಇಡೀ ಮಂದ್ ನೋಡುತ್ತಿರುತ್ತದೆ.

ಮುಚ್ಚಿಟ್ಟ ಎಲೆ

ಇಬ್ಬರಿಗೂ ಮೂರು ಮೂರು ಇಸ್ಪೀಟ್ ಎಲೆ ಕೊಡಿ: ಇಸ್ಪೀಟು ಎಂದರೆ ಏಟು, ಕಳಾವರು ಎಂದರೆ ತಡೆ, ಆಟೀನು ಎಂದರೆ ಹುಸಿ. ಏಟು ಹುಸಿಯನ್ನು ಗೆಲ್ಲುತ್ತದೆ, ಹುಸಿ ತಡೆಯನ್ನು, ತಡೆ ಏಟನ್ನು. ಒಂದೊಂದು ಎಲೆ ಮುಚ್ಚಿಟ್ಟು ಒಟ್ಟಿಗೇ ತಿರುಗಿಸುವುದು. ಮಕ್ಕಳಾಟವಾಯಿತಲ್ಲ ಎನ್ನಿಸಬಹುದು. ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳಾಟವೇ, ಪಾತ್ರದ ಸ್ಕಿಲ್‌ಗೆ ಬೆಲೆಯೇ ಇರುವುದಿಲ್ಲ. ಆದ್ದರಿಂದ ಎಲೆಯಲ್ಲಿ ಗೆದ್ದವರ ಸ್ಕಿಲ್‌ಗೆ 3 ಸೇರಿಸಿ ಆಮೇಲೆ ದಾಳ ಹಾಕಿಸಿ. ಎದುರಾಳಿಯ ಮನಸ್ಸು ಓದಿದರೆ ಕೆಂಡನ 12 ಕೂಡ 15 ಆಗಿ ನೀಲಿಗೆ ಸರಿಸಮ ನಿಲ್ಲುತ್ತದೆ.

ವೀರಯಾತ್ರೆಯಲ್ಲಿ ಇದರ ನಿಜವಾದ ರುಚಿ ಬರುವುದು ಹೀಗೆ. ಮೂಲ ಕಥೆಯಲ್ಲಿ ದೈವ ಈ ಘಟ್ಟದಲ್ಲಿ ಏನು ಮಾಡಿತು ಎಂಬುದು ಇಬ್ಬರಿಗೂ ಗೊತ್ತು. ‘ದೇವಿ ಇಲ್ಲಿ ಹೊಡೆದಳು’ ಎಂದು ಕಥೆ ಹೇಳಿದರೆ ಏಟಿನ ಎಲೆ ಇಟ್ಟ ನೀಲಿಗೆ ಇನ್ನೂ 2 ಹೆಚ್ಚುವರಿ. ಕೆಂಡನಿಗೂ ಅದು ತಿಳಿದಿರುವುದರಿಂದ ಅವನು ತಡೆಯ ಎಲೆಯನ್ನೇ ಇಡಬಹುದು. ಕಥೆಗೆ ನಿಷ್ಠಳಾಗಿ ಎಲೆಯಲ್ಲಿ ಸೋಲುವುದೋ, ಕಥೆ ತಪ್ಪಿಸಿ ಗೆಲ್ಲುವುದೋ? ಈ ಇಕ್ಕಟ್ಟನ್ನು ಬೇರೆ ಯಾವ ಪದ್ಧತಿಯೂ ಇಷ್ಟು ಅಗ್ಗವಾಗಿ ಕೊಡುವುದಿಲ್ಲ. ಮೂರೂ ಎಲೆ ಮುಗಿಯುವವರೆಗೆ ಆಡಿದ ಎಲೆ ಕೈಗೆ ವಾಪಸ್ ಬಾರದಿರಲಿ. ಇಬ್ಬರೂ ಆಟಗಾರರೇ ಎದುರಾದಾಗ ಚೆನ್ನಾಗಿ ಓಡುತ್ತದೆ. ಒಂದು ಕಡೆ ಆಟ ನಡೆಸುವವರೇ ಇದ್ದರೆ ಅವರು ಎಲೆ ನೋಡದೆ ಕಲಸಿ ಇಡಬೇಕು, ಇಲ್ಲದಿದ್ದರೆ ‘ಬೇಕೆಂದೇ ಸೋತರು’ ಎಂಬ ಮಾತು ಬರುತ್ತದೆ.

ಮಾತಿನ ದ್ವಂದ್ವ

ಸಾವಿತ್ರಿ ಯಮನನ್ನು ಗೆದ್ದದ್ದು ಮಾತಿನಿಂದ. ಯಕ್ಷನ ಕೊಳದ ದಡದಲ್ಲಿ ನಾಲ್ವರು ತಮ್ಮಂದಿರನ್ನು ಧರ್ಮರಾಯ ಎಬ್ಬಿಸಿದ್ದೂ ಮಾತಿನಿಂದಲೇ. ಕಥೆಯ ಕೊನೆ ಮೊದಲೇ ಗೊತ್ತಿರುವ ಯಾತ್ರೆಗೆ ಈ ಬಗೆ ಚೆನ್ನಾಗಿ ಒಗ್ಗುತ್ತದೆ. ತಾಳಮದ್ದಳೆ ಕೇಳಿದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಪ್ರಸಂಗದಲ್ಲಿ ಕರ್ಣ ಬೀಳುತ್ತಾನೆಂದು ಸಭೆಗೆಲ್ಲ ಗೊತ್ತು. ಹಾಗಿದ್ದೂ ಕರ್ಣನ ಅರ್ಥಧಾರಿ ಎದುರಿನವರ ಬಾಯಿ ಕಟ್ಟಿಸಿದರೆ ಅಂದಿನ ರಾತ್ರಿ ಅವನದೇ.

ಮೂರು ಸುತ್ತು, ತಲಾ ಎರಡು ನಿಮಿಷ, ಮೊಬೈಲಿನಲ್ಲಿ ಅಲಾರಂ. ಉಳಿದ ಆಟಗಾರರು ಸಭೆ. ಪ್ರತಿ ಸುತ್ತಿನ ಕೊನೆಗೆ ಪಾರ್ಚ್‌ಮೆಂಟ್ ಅಥವಾ ಚೆರಿ, ಒಂದನ್ನು ಮುಷ್ಟಿಯಲ್ಲಿ ಮುಚ್ಚಿ ತಂದು ಚೊಂಬಿಗೆ ಹಾಕಲಿ. ಆದರೆ ಚೊಂಬಿನ ಲೆಕ್ಕವೇ ತೀರ್ಪಾಗಬಾರದು. ಹಾಗಾದರೆ ನಾಲಿಗೆ ಹರಿತವಿರುವ ಆಟಗಾರ ತೊದಲುವ ಪಾತ್ರವನ್ನು ಆಡುತ್ತಲೂ ಗೆಲ್ಲುತ್ತಾನೆ, ಮಾತುಗಾರನ ಪಾತ್ರ ಹಿಡಿದ ಸಂಕೋಚದ ಹುಡುಗ ಸೋಲುತ್ತಾನೆ. ಬಿದ್ದ ಪ್ರತಿ ಬೀಜಕ್ಕೆ 1 ಸೇರಿಸಿ, ಮೂರರ ಮಿತಿಯಲ್ಲಿ, ಪಾತ್ರದ ಸ್ಕಿಲ್ ಮೇಲೆ ದಾಳ ಹಾಕಿ. ನಿಂತು ಮಾತಾಡಲಾರದವರು ‘ಅವನ ತಂದೆಯ ಋಣ ಎತ್ತಿ ಚುಚ್ಚುತ್ತೇನೆ’ ಎಂದು ವಾದದ ಸಾರವನ್ನಷ್ಟೇ ಹೇಳಿದರೂ ಸಭೆ ಒಪ್ಪಬೇಕು. ಮೇಜಿನ ಮೇಲೆ ಕನ್ನಡ, ಕೊಡವ ತಕ್ಕ್, ಅರೆಭಾಷೆ ಬೆರೆತು ಹರಿಯುವಲ್ಲಿ ವೈರಿಗೆ ಒಂದೇ ಭಾಷೆ ಗೊತ್ತುಮಾಡಿ. ಸುತ್ತಲಿನವರೆಲ್ಲ ಬೆರಕೆ ಮಾತಾಡುವಾಗ ಅವನೊಬ್ಬ ಗ್ರಾಂಥಿಕ ಕನ್ನಡದಲ್ಲಿ ತಣ್ಣಗೆ ಮಾತಾಡಿದರೆ ಸಾಕು, ಬೇರೆ ಲೋಕದವನೆಂದು ಗೊತ್ತಾಗುತ್ತದೆ.

ಒಗಟಿನ ದ್ವಂದ್ವ ಮಾಡಹೋಗಿ ಕೈಸುಟ್ಟುಕೊಳ್ಳುವವರು ಬಹಳ. ಉತ್ತರ ಹೊಳೆಯದಿದ್ದರೆ ಆಟ ಅಲ್ಲೇ ಹೂತುಹೋಗುತ್ತದೆ, ಮೊದಲೇ ಕೇಳಿದ ಒಗಟಾದರೆ ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ಸರಿ ಉತ್ತರವೇ ಇಲ್ಲದ ಪ್ರಶ್ನೆ ಕೇಳಿ: ‘ನೀನು ಯಾರನ್ನು ಬಿಟ್ಟು ಬಂದೆ?’ ‘ಈ ನಾಲ್ವರಲ್ಲಿ ಒಬ್ಬರನ್ನು ಮಾತ್ರ ಎಬ್ಬಿಸುತ್ತೇನೆ, ಯಾರು?’ ಉತ್ತರ ಹೇಳಿದ್ದಕ್ಕೇ ಬೆಲೆ ಬೀಳಲಿ.

ಊರಿನ ದೈವವನ್ನು ಮೇಜಿಗೆ ಎಳೆಯುವ ಮುನ್ನ

ಕೊಡಗಿನಲ್ಲಿ ಕೂತು ವೀರಯಾತ್ರೆ ಆಡುವಾಗ ಕೈಗೆ ಸಿಗುವ ಸಾಮಗ್ರಿ ಅಪಾರ. ಅಷ್ಟೇ ನಾಜೂಕೂ ಬೇಕು. ಕೊಡಗಿನ ಆರಾಧ್ಯ ದೈವ ಇಗ್ಗುತ್ತಪ್ಪನಿಗೆ ಸ್ಕಿಲ್ ಅಂಕಿ ಬರೆಯಬೇಡಿ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ಆಗುವ ತೀರ್ಥೋದ್ಭವವನ್ನು ಪಣವಾಗಿ ಇಡಬೇಡಿ. ಕೈಮಡದ (ಪೂರ್ವಜರ ಗುಡಿಯ) ಕಾರಣವನನ್ನು, ಅಂದರೆ ಕುಲದ ಮೂಲಪುರುಷನನ್ನು, ಎದುರಾಳಿ ಮಾಡಬೇಡಿ. ಇವು ಮುಗಿದುಹೋದ ಪುರಾಣಗಳಲ್ಲ, ಮೇಜಿನ ಸುತ್ತ ಕೂತವರಲ್ಲೇ ಒಬ್ಬರ ಮನೆಯಲ್ಲಿ ನಿನ್ನೆ ಸಂಜೆ ದೀಪ ಹಚ್ಚಿದ್ದಾರೆ. ಒಕ್ಕದ (ಕೊಡವ ಮನೆತನದ) ಹೆಸರಿಟ್ಟು ವೈರಿಯನ್ನು ಕಟ್ಟುವುದಂತೂ ಆಟದ ಹೊರಗೂ ಜಗಳ ತರುತ್ತದೆ.

ದೈವವನ್ನು ಬಿಟ್ಟು ನೆಲವನ್ನು ತೆಗೆದುಕೊಳ್ಳಿ. ಹಳೆಯ ಕಡಂಗ (ಹಿಂದೆ ರಕ್ಷಣೆಗೆ ತೋಡಿದ ಕಂದಕ) ಆಚೆ ಲೋಕದ ಗಡಿಯಾಗಲಿ: ಇಳಿಯುವಾಗ ಒಂದು ಋತು, ಹತ್ತಿದಾಗ ಇನ್ನೊಂದು. ದೇವರಕಾಡಿನಲ್ಲಿ ಕತ್ತಿ ಹಿರಿಯುವಂತಿಲ್ಲ ಎಂದರೆ ಅಲ್ಲಿ ತಾನಾಗಿಯೇ ಮಾತಿನ ದ್ವಂದ್ವ. ನೀರು ನಿಂತ ಬೈಲುಗದ್ದೆಯಲ್ಲಿ ಎದುರಾದರೆ ಕಾಲಿನ ಏಟಿನ ನಿಯಮ. ಹತ್ತು ಮಾರು ಮುಂದೆ ಕಾಣದ ಮಂಜಿನ ಬೆಟ್ಟದಲ್ಲಿ ಮುಚ್ಚಿಟ್ಟ ಎಲೆ. ಜಾಗವೇ ಪದ್ಧತಿಯನ್ನು ಆರಿಸಿದರೆ ಆಟಗಾರರಿಗೆ ನಿಯಮ ಬದಲಾಯಿತೆಂಬ ಅರಿವೂ ಆಗುವುದಿಲ್ಲ.

ಘಟ್ಟದ ಜಾಗ, ಮತ್ತೆ ಕೆಟ್ಟುಹೋದಾಗ

ಏಳು ಘಟ್ಟದ ಯಾತ್ರೆಯಾದರೆ ದ್ವಂದ್ವವನ್ನು ಏಳನೆಯದರಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಬಿದ್ದ ಗಾಯಕ್ಕೆ ಮುಂದೆ ಕೆಲಸವೇ ಇಲ್ಲ. ಐದನೆಯದರಲ್ಲಿಟ್ಟರೆ ಕಳೆದ ಬೀಜಗಳು ಇನ್ನೆರಡು ಘಟ್ಟ ಕಾಡುತ್ತವೆ. ಹಿಂದಿರುಗುವ ದಾರಿಯಲ್ಲಿಟ್ಟರೆ ಇನ್ನೂ ಚುರುಕು. ಕೈಯಲ್ಲಿ ವರ ಇದೆ, ಹೊಸ್ತಿಲು ಕಾಣುತ್ತಿದೆ, ನಡುವೆ ಅವನು ನಿಂತಿದ್ದಾನೆ.

ಆಟಗಾರ ಸೋತು ಪಣ ಕೊಡಲು ಹಿಂಜರಿದರೆ ಬಲವಂತ ಬೇಡ. ಚೀಟಿಯ ಮೂರನೇ ಸಾಲನ್ನು ಮತ್ತೆ ಓದಿ, ಹೆಚ್ಚಿನ ಸಲ ಅಲ್ಲೇ ಏನೋ ಬಿಟ್ಟುಹೋಗಿರುತ್ತದೆ. ಮೊದಲ ಸುತ್ತಿನಲ್ಲೇ ವೈರಿ ಕ್ರಿಟಿಕಲ್ ಹಾಕಿ ದ್ವಂದ್ವ ಮುಗಿಯುವಂತಾದರೆ ಫಲಿತಾಂಶ ಬದಲಿಸಬೇಡಿ, ದಾಳ ಸುಳ್ಳೆಂದು ಒಮ್ಮೆ ಗೊತ್ತಾದರೆ ಮುಂದೆ ಯಾರೂ ನಂಬುವುದಿಲ್ಲ. ಬದಲಿಗೆ ಪಣವನ್ನು ಎರಡು ಕಂತು ಮಾಡಿ. ಅರ್ಧವನ್ನು ವೈರಿ ಈಗ ಒಯ್ಯಲಿ, ಉಳಿದರ್ಧಕ್ಕೆ ಅವನು ಆಟಗಾರನ ಊರಿಗೇ ಬರಬೇಕು.

ಆಷಾಢದ ರಾತ್ರಿ ಕರೆಂಟು ಹೋಗಿ, ಮನೆಗೆ ಹೊರಡಬೇಕಾದವರು ಗಡಿಯಾರ ನೋಡತೊಡಗಿದಾಗ ದ್ವಂದ್ವ ಅರ್ಧಕ್ಕೇ ನಿಲ್ಲುವುದುಂಟು. ಐದು ಬೀಜದ ಆಟವಾದರೆ ಎರಡು ಬೆಂಕಿಪೊಟ್ಟಣ ಸಾಕು. ಒಂದರಲ್ಲಿ ನೀಲಿಯ ಪಾರ್ಚ್‌ಮೆಂಟ್, ಇನ್ನೊಂದರಲ್ಲಿ ಕೆಂಡನ ಚೆರಿ, ಮೇಲೆ ಪಣದ ಚೀಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡಿ. ಮಳೆಗಾಲದಲ್ಲಿ ಚೆರಿಗೆ ಬೂಸ್ಟು ಬರುತ್ತದೆ, ಮುಂದಿನ ಆಟ ಹದಿನೈದು ದಿನದ ಆಚೆಗಿದ್ದರೆ ಒಲೆಯ ಹತ್ತಿರ ಇಡಬೇಕು.